ಮನೆ ನೋಡಲು ಬಂದವರು

ನನ್ನ ಮಂಚದ ಕೆಳಗೆ ಅರ್ಧ ಡಬ್ಬಿ ಬಣ್ಣ ಉಳಿದಿದೆ. ಅಂಗಡಿಯವರು ಅದಕ್ಕೆ ಹೇಳಿದ ಹೆಸರು ಶ್ರೀಗಂಧ. ಗೋಡೆಗೆ ಬಳಿದು ಒಣಗಿದ ಮೇಲೆ ಅದು ಹೆಸರುಬೇಳೆ ಪಾಯಸದ ಬಣ್ಣಕ್ಕೆ ತಿರುಗಿತು. ಬೇಲೂರಿನ ಈ ಮನೆಯಲ್ಲಿ ಆ ಬಣ್ಣದ ಗೋಡೆ ಒಂದೂ ಇಲ್ಲ, ಆದರೂ ಎಸೆಯಲು ಮನಸ್ಸು ಬಂದಿಲ್ಲ. ಕಸ ಗುಡಿಸುವಾಗ ಪೊರಕೆ ಡಬ್ಬಿಗೆ ತಾಗಿದರೆ ಸಾಕು, ಅರಸೀಕೆರೆಯ ಮನೆ ಮಾರಿದ ದಿನಗಳು ನೆನಪಾಗಿ ನಗು ಬರುತ್ತದೆ.

"ಏನೇ ಅದು, ಒಬ್ಬಳೇ ನಗ್ತಿದೀಯ?" ಎಂದು ಅಕ್ಕ ಒಳಗಿನಿಂದ ಕೂಗುತ್ತಾಳೆ.

"ಏನಿಲ್ಲ ಕಣಕ್ಕ, ನಿನ್ನ ಟೂತ್‌ಪೇಸ್ಟ್ ನೆನಪಾಯ್ತು."

ಅಷ್ಟಕ್ಕೇ ಅವಳಿಗೆ ಸಿಟ್ಟು ಬರುತ್ತದೆ.

ಟೂತ್‌ಪೇಸ್ಟಿಗೆ ಆಮೇಲೆ ಬರುತ್ತೇನೆ. ಮೊದಲು ಮನೆ ಯಾಕೆ ಮಾರಿದೆವು ಎಂದು ಹೇಳಿಬಿಡಬೇಕು, ಇಲ್ಲದಿದ್ದರೆ ನೀವು ಏನೇನೋ ಊಹಿಸಿಕೊಳ್ಳುತ್ತೀರಿ. ದಾಯಾದಿ ಜಗಳ, ಕಷ್ಟ, ಕಾರ್ಪಣ್ಯ ಯಾವುದೂ ಇರಲಿಲ್ಲ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ನನಗೆ ಮಾದಿಹಳ್ಳಿಗೆ ವರ್ಗವಾಯಿತು. ಅರಸೀಕೆರೆಯಿಂದ ದಿನಾ ಬಸ್ಸು ಬದಲಾಯಿಸಿ ಹೋಗಿಬಂದು ಸೊಂಟ ಹಿಡಿದುಕೊಂಡಿತು. ತರಗತಿಯಲ್ಲಿ ಲಂಬಕೋನ ಬರೆಯುವಾಗ ನಾನೇ ವಿಶಾಲಕೋನವಾಗಿ ನಿಂತಿರುತ್ತಿದ್ದೆ. ಅಕ್ಕ ಬೇಲೂರಿನಲ್ಲಿ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತಳಾದವಳು. ಭಾವ ತೀರಿಕೊಂಡ ಮೇಲೆ ಅಲ್ಲೇ ತನ್ನ ಸ್ವಂತ ಮನೆಯಲ್ಲಿ ಒಬ್ಬಳೇ ಇದ್ದಳು. "ಮನೆ ಇಟ್ಕೊಂಡು ಸೊಂಟ ಕಳ್ಕೋತೀಯೋ, ಸೊಂಟ ಇಟ್ಕೊಂಡು ಮನೆ ಮಾರ್ತೀಯೋ, ನೋಡು" ಎಂದು ಫೋನಿನಲ್ಲಿ ತೀರ್ಪು ಕೊಟ್ಟಳು. ಮದುವೆ ಗಿದುವೆ ಎಂದು ನನಗೆ ಬೇರೆ ಕಟ್ಟುಪಾಡು ಇರಲಿಲ್ಲ. ಸೊಂಟವನ್ನು ಆರಿಸಿಕೊಂಡೆ.

ಆ ಮನೆ ಕಟ್ಟಿದ್ದು ನಮ್ಮಪ್ಪ. ಅವರು ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದರು. ಸುತ್ತಿಗೆ ಹೊತ್ತು ಹಳಿಯುದ್ದಕ್ಕೂ ನಡೆಯುವುದು, ಅಲ್ಲಲ್ಲಿ ಒಂದೇಟು ಕೊಟ್ಟು ಸದ್ದು ಕೇಳಿಸಿಕೊಂಡು ಮುಂದೆ ಹೋಗುವುದು ಅವರ ಕೆಲಸ. ಮನೆಗೆ ಬಂದರೂ ಅದೇ ಅಭ್ಯಾಸ. ಮಡಕೆ, ಕುಂಬಳಕಾಯಿ, ತೆಂಗಿನಕಾಯಿ, ನಮ್ಮ ತಲೆ, ಎಲ್ಲವನ್ನೂ ಬೆರಳಿನಿಂದ ಬಡಿದು ನೋಡುವರು. ನನ್ನ ತಲೆ ಬಡಿದು "ಇದು ತುಂಬೈತೆ" ಅನ್ನುವರು. ಅಕ್ಕನ ತಲೆ ಬಡಿದು "ಇದೂ ತುಂಬೈತೆ, ಏನು ತುಂಬೈತೆ ಅಂತ ಗೊತ್ತಾಗಲ್ಲ" ಅನ್ನುವರು. ಅಕ್ಕ ಹುಟ್ಟಿದಾಗ ಅಜ್ಜಿಯ ಮಾತಿನಂತೆ ರಂಗಮ್ಮ ಎಂದು ಹೆಸರಿಟ್ಟಿದ್ದರು. ನಾನು ಹುಟ್ಟುವ ಹೊತ್ತಿಗೆ ಅಪ್ಪ ಬೌದ್ಧರಾಗಿದ್ದರು, ಆದ್ದರಿಂದ ನಾನು ಸುಜಾತ. ಒಂದೇ ಮನೆಯಲ್ಲಿ ಎರಡು ಧರ್ಮದ ಹೆಸರುಗಳು ಒಂದೇ ತಟ್ಟೆಗೆ ಜಗಳವಾಡುತ್ತ ಬೆಳೆದವು.

ಮನೆ ಕೂಡ ಹಾಗೆಯೇ ಬೆಳೆಯಿತು. ಮೊದಲು ಹೆಂಚಿನ ಒಂದು ಕೋಣೆ, ಅಕ್ಕ ನರ್ಸಿಂಗ್ ಸೇರಿದ ವರ್ಷ ಅಡುಗೆಮನೆ, ನನಗೆ ಕೆಲಸ ಸಿಕ್ಕ ಮೇಲೆ ಮುಂದುಗಡೆ ತಾರಸಿಯ ಹಾಲ್. ಒಂದು ಕೋಣೆಯ ನೆಲ ಇನ್ನೊಂದು ಕೋಣೆಯ ನೆಲದ ಮಾತು ಕೇಳುತ್ತಿರಲಿಲ್ಲ. ಹಾಲಿನಿಂದ ಅಡುಗೆಮನೆಗೆ ಇಳಿಯಬೇಕು, ಅಡುಗೆಮನೆಯಿಂದ ಬಚ್ಚಲಿಗೆ ಹತ್ತಬೇಕು. ಮುಂಬಾಗಿಲನ್ನು ಸ್ವಲ್ಪ ಎತ್ತಿ, ಸೊಂಟದಿಂದ ಒಂದು ನೂಕು ಕೊಟ್ಟರೆ ಮಾತ್ರ ಚಿಲಕ ಬೀಳುತ್ತಿತ್ತು. (ಸೊಂಟ ಹಾಳಾಗಲು ಬಸ್ಸೊಂದೇ ಕಾರಣ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ.) ಬಚ್ಚಲಿನ ನಲ್ಲಿಯನ್ನು ಪೂರ್ತಿ ತಿರುಗಿಸಿ ಅರ್ಧ ಹಿಂದಕ್ಕೆ ತರಬೇಕು. ಫ್ಯಾನಿನ ಸ್ವಿಚ್ಚು ಒತ್ತಿದರೆ ದೀಪ, ದೀಪದ್ದು ಒತ್ತಿದರೆ ಫ್ಯಾನು. ಇವೆಲ್ಲ ದೋಷಗಳೆಂದು ನಮಗೆ ಯಾವತ್ತೂ ಅನ್ನಿಸಿರಲಿಲ್ಲ. ಮನೆಗೆ ಬೆಲೆ ಕಟ್ಟುವವರು ಬರುತ್ತಾರೆ ಎಂದಾಗಲೇ ಅವು ಒಂದೊಂದಾಗಿ ಎದ್ದು ನಿಂತು ಹಾಜರಿ ಕೊಟ್ಟವು.

ಮನೆ ಮಾರಿಸಿಕೊಡಲು ಒಪ್ಪಿದವರು ಬಸವರಾಜಣ್ಣ. ಅವರು ಮೂಲತಃ ಕೊಬ್ಬರಿ ಮಂಡಿಯವರು. ಕೊಬ್ಬರಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೇನಿದೆ ಎಂದು ಹೇಳಬಲ್ಲ ಮನುಷ್ಯ. ಮನೆ ದಳ್ಳಾಳಿ ಕೆಲಸ ಮಧ್ಯಾಹ್ನದ ಮೇಲೆ. ಅವರು ಮೊದಲು ಕರೆತಂದದ್ದು ಒಂದು ದಂಪತಿಯನ್ನು. ಗಂಡ ಹೆಂಡತಿಗೆ ಬಾವಿ ಇಷ್ಟವಾಯಿತು, ಬಿಸಿಲು ಇಷ್ಟವಾಯಿತು, ಬಸ್‌ಸ್ಟ್ಯಾಂಡ್ ಹತ್ತಿರವಿದ್ದದ್ದು ಇಷ್ಟವಾಯಿತು. ಆಮೇಲೆ ಹಾಲಿನಲ್ಲಿ ಕುಳಿತು ತಲೆ ಎತ್ತಿದರು. ಗೋಡೆಯ ಮೇಲೆ ಎರಡು ಪಟ. ಒಂದು ಬುದ್ಧನದು. ಇನ್ನೊಂದು, ನೀಲಿ ಕೋಟು, ಕನ್ನಡಕ, ಕೈಯಲ್ಲಿ ಪುಸ್ತಕ. ಯಾರೆಂದು ನಾನು ಹೇಳಬೇಕಾಗಿಲ್ಲ.

"ಕಾಫಿ ತರ್ತೀನಿ" ಎಂದೆ.

"ಅಯ್ಯೋ ಬೇಡಿ ಮೇಡಂ, ಈಗ್ತಾನೆ ಕುಡಿದು ಬಂದ್ವಿ."

"ನೀರಾದರೂ?"

"ನೀರೂ ಈಗ್ತಾನೆ."

ವಾಸ್ತು ಸರಿಯಿಲ್ಲ ಎಂದು ಸಂಜೆ ಫೋನು ಬಂತು. ಮಾರನೆಯ ದಿನ ಬಸವರಾಜಣ್ಣ ಬಂದು, ಚಪ್ಪಲಿ ಕಳಚುತ್ತ, ಹಾಕಿಕೊಳ್ಳುತ್ತ, ಮತ್ತೆ ಕಳಚುತ್ತ ಹೇಳಿದರು: "ತಪ್ಪು ತಿಳ್ಕೋಬೇಡಿ ಮೇಡಂ. ಮುಂದಿನ ವಾರ ಇನ್ನೊಂದು ಪಾರ್ಟಿ ಬತ್ತೈತೆ. ಬುದ್ಧ ಇರ್ಲಿ, ಬುದ್ಧ ಈಗ ಎಲ್ಲರ ಮನೇಲೂ ಶೋಗೆ ಅವ್ನೆ. ಆ ಕೋಟಿನೋರನ್ನ ಮಾತ್ರ ಒಂದು ದಿನದ ಮಟ್ಟಿಗೆ ಒಳಗಿಟ್ಬಿಡಿ. ನಂಗೇನಿಲ್ಲ. ಜನ ಹಂಗೆ."

ನಾನು "ನೋಡೋಣ" ಎಂದೆ. ತರಗತಿಯಲ್ಲಿ ಉತ್ತರ ಗೊತ್ತಿಲ್ಲದ ಮಕ್ಕಳು ಕೆಮ್ಮುತ್ತಾರಲ್ಲ, ಹಾಗೆ.

ತಪಾಸಣೆಗೆ ತಯಾರಾಗುವುದು ನನಗೆ ಹೊಸತಲ್ಲ. ಶಾಲೆಗೆ ಸಾಹೇಬರು ಬರುತ್ತಾರೆಂದರೆ ಚಾರ್ಟು ಅಂಟಿಸಿ, ಮುರಿದ ಬೆಂಚನ್ನು ಗೋಡೆಗೆ ಒರಗಿಸಿ, ಅದರ ಮೇಲೆ ಅಲುಗಾಡದ ಇಬ್ಬರು ಮಕ್ಕಳನ್ನು ಕೂರಿಸುವುದರಲ್ಲಿ ನಾನು ನಿಪುಣಳು. ಇನ್ನೂ ಹಿಂದಕ್ಕೆ ಹೋದರೆ, ನಾನು ಮೂರನೆಯ, ಅಕ್ಕ ಆರನೆಯ ತರಗತಿಯಲ್ಲಿದ್ದ ಕಾಲದಲ್ಲಿ ಇನ್‌ಸ್ಪೆಕ್ಷನ್ ದಿನವೆಂದರೆ ನನಗೂ ಅಕ್ಕನಿಗೂ ಹಬ್ಬ. ನಮ್ಮ ಶಾಲೆಯಲ್ಲಿ ಕುಡಿಯುವ ನೀರಿನ ಎರಡು ಮಡಕೆಗಳಿದ್ದವು. ಒಂದು ಜಗಲಿಯ ಮೇಲೆ, ಎಲ್ಲರಿಗೆ. ಇನ್ನೊಂದು ಬೇವಿನ ಮರದ ಕೆಳಗೆ, ನಮ್ಮಂಥ ನಾಲ್ಕೈದು ಮಕ್ಕಳಿಗೆ. ಸಾಹೇಬರು ಬರುವ ದಿನ ಬೇವಿನ ಮರದ ಕೆಳಗಿನದು ಬೆಳಿಗ್ಗೆಯೇ ಮಾಯವಾಗುತ್ತಿತ್ತು. ಅವತ್ತು ನಾವೂ ಜಗಲಿ ಹತ್ತಿ ಕುಡಿಯುತ್ತಿದ್ದೆವು. ಅಕ್ಕ ಬಾಯಾರಿಕೆ ಇಲ್ಲದಿದ್ದರೂ ಐದಾರು ಸಲ ಹೋಗಿ ಕುಡಿದು, ಮಧ್ಯಾಹ್ನ ಹೊಟ್ಟೆ ಹಿಡಿದುಕೊಂಡು ಕುಳಿತಿರುತ್ತಿದ್ದಳು. "ಸಾಹೇಬ್ರು ದಿನಾ ಬರಬಾರ್ದಾ?" ಎಂದು ನಾನು ಅಪ್ಪನನ್ನು ಕೇಳಿದ್ದೆ. ಅಪ್ಪ ನನ್ನ ತಲೆ ಬಡಿಯುವುದನ್ನೇ ಮರೆತು ಎದ್ದುಹೋಗಿದ್ದರು.

ಇರಲಿ. ಅಕ್ಕ ಬೇಲೂರಿನಿಂದ ಬಂದಿಳಿದಳು. ಒಂದು ಕೈಯಲ್ಲಿ ಫಿನಾಯಿಲ್ ಡಬ್ಬಿ, ಇನ್ನೊಂದರಲ್ಲಿ ರಬ್ಬರ್ ಕೈಗವಸು. ಮನೆಯನ್ನು ಒಮ್ಮೆ ಸುತ್ತಿ ಬಂದು, ರೋಗಿಯ ಮುಂದೆಯೇ ಹೇಳಬಾರದ್ದನ್ನು ಹೇಳುವ ದನಿಯಲ್ಲಿ, "ಗೋಡೆಗೆ ಬೆಡ್‌ಸೋರ್ ಆಗಿದೆಯಲ್ಲೇ" ಎಂದಳು. ಬೀರು ಇದ್ದ ಜಾಗದಲ್ಲಿ ಗಾರೆ ಉದುರಿತ್ತು. ಆವತ್ತಿನಿಂದ ನಮ್ಮ ಮನೆ ವಾರ್ಡ್ ಆಯಿತು. ಬೆಳಿಗ್ಗೆ ರೌಂಡ್ಸ್. ನಾನು ಟ್ರೈನಿಂಗಿಗೆ ಬಂದ ಹುಡುಗಿ.

ದೊಡ್ಡ ಕೆಲಸವೆಂದರೆ ಮೊಳೆಗಳದು. ಅಪ್ಪನಿಗೆ ಮೊಳೆ ಹೊಡೆಯುವ ಹುಚ್ಚಿತ್ತು. ಕೊಡೆಗೊಂದು, ಚೀಲಕ್ಕೊಂದು, ಅಂಗಿಗೊಂದು, ಮುಂದೆ ಯಾವಾಗಲಾದರೂ ಬೇಕಾದೀತೆಂದು ಸುಮ್ಮನೆ ಹೊಡೆದಿಟ್ಟ ಇನ್ನೊಂದಷ್ಟು. ಅಕ್ಕ ಎಲ್ಲವನ್ನೂ ಹಲ್ಲು ಕೀಳುವ ಹಾಗೆ ಕಿತ್ತಳು. ತೂತು ಮುಚ್ಚಲು ತಂದಿದ್ದ ಬಿಳಿ ಸಿಮೆಂಟು ಅರ್ಧಕ್ಕೇ ಮುಗಿಯಿತು. ಅಂಗಡಿಗೆ ಹೋಗಿಬರುತ್ತೇನೆ ಎಂದೆ. "ಅಲ್ಲೀತನಕ ಯಾಕೆ?" ಎಂದು ಅವಳು ಬಚ್ಚಲಿನಿಂದ ಟೂತ್‌ಪೇಸ್ಟ್ ತಂದು ಒಂದೊಂದು ತೂತಿಗೂ ಹಿಂಡಿದಳು. ಬೆರಳಿನಿಂದ ಸವರಿದರೆ ಗೋಡೆ ನುಣ್ಣಗೆ! ಎರಡು ದಿನ ನಮ್ಮ ಹಾಲ್ ಆಗಷ್ಟೇ ಹಲ್ಲುಜ್ಜಿಕೊಂಡು ಬಂದವರಂತೆ ಘಮಘಮಿಸಿತು. ಅದರ ಮೇಲೆ ನಾವಿಬ್ಬರೂ ಪಾಯಸ ಬಳಿದೆವು.

ಬಣ್ಣ ಒಣಗಿದ ಮೇಲೆ ಪಟಗಳ ಪ್ರಶ್ನೆ ಬಂತು. ಬಸವರಾಜಣ್ಣ ಹೇಳಿದ್ದನ್ನು ನಾನು ನಗೆಚಾಟಿಕೆಯಂತೆ ಅಕ್ಕನಿಗೆ ಹೇಳಿದೆ. ಅವಳು ಸಿಡಿಯುತ್ತಾಳೆ, ಅಲ್ಲಿಗೆ ವಿಷಯ ಮುಗಿಯುತ್ತದೆ ಎಂದುಕೊಂಡಿದ್ದೆ. ವಾರ್ಡಿನಲ್ಲಿ ದೊಡ್ಡ ಡಾಕ್ಟರಿಗೇ ಎದುರು ಮಾತಾಡಿದವಳು. ಆದರೆ ಅವಳು ಬ್ರಷ್ ತೊಳೆಯುತ್ತ, "ಒಳಗಿಡೋಣ ಬಿಡು" ಎಂದಳು.

"ಅಕ್ಕ?"

"ಒಂದು ದಿನ ತಾನೆ. ಮನೆ ಹೋದ್ರೆ ಸಾಕು ಮೊದ್ಲು."

"ನೀನು ಹೀಗನ್ನಬಹುದಾ?"

ಅವಳು ನಲ್ಲಿ ನಿಲ್ಲಿಸಿದಳು. ಪೂರ್ತಿ ತಿರುಗಿಸಿ, ಅರ್ಧ ಹಿಂದಕ್ಕೆ. "ಬೇಲೂರಲ್ಲಿ ಮೊದಲನೇ ಪೋಸ್ಟಿಂಗಲ್ಲಿ ಬಾಡಿಗೆಗೆ ಆರು ಮನೆ ನೋಡಿದೆ ಕಣೇ. ಆರೂ ಕಡೆ ಅದೇ ಪ್ರಶ್ನೆ, ನೀವು ಯಾವ ಜನ ಅಂತ. ಏಳನೇ ಮನೇಲಿ ಸುಮ್ನೆ ಹೆಸರು ರಂಗಮ್ಮ ಅಂದೆ. ಅವರೇ ಏನೋ ಅಂದ್ಕೊಂಡು ಕೊಟ್ರು. ಎರಡು ವರ್ಷ ಇದ್ದೆ ಅಲ್ಲಿ."

"ಹೋಗ್ಲಿ ಬಿಡಕ್ಕ, ಅದರಲ್ಲೇನು ತಪ್ಪು?"

"ಅಪ್ಪ ನೋಡೋಕೆ ಬಂದಾಗಲೆಲ್ಲ ಬಸ್‌ಸ್ಟ್ಯಾಂಡಲ್ಲೇ ಮಾತಾಡ್ಸಿ ಕಳಿಸ್ತಿದ್ದೆ. ರೂಮಿಗೆ ಕರ್ಕೊಂಡು ಹೋದ್ರೆ ಮಾತಲ್ಲಿ ಗೊತ್ತಾಗ್ಬಿಡುತ್ತೆ ಅಂತ. ಅಪ್ಪನೂ ಒಂದ್ಸಲಾನೂ ಕೇಳ್ಲಿಲ್ಲ, ರೂಮ್ ಎಲ್ಲಿ ಅಂತ."

ನನಗಿದು ಗೊತ್ತಿರಲಿಲ್ಲ. ಬೇಲೂರಿಗೆ ಹೋಗಿಬಂದಾಗಲೆಲ್ಲ ಅಪ್ಪ ಬಸ್‌ಸ್ಟ್ಯಾಂಡಿನ ಹೋಟೆಲಿನ ಬೋಂಡಾವನ್ನು ಅಷ್ಟು ಹೊಗಳುತ್ತಿದ್ದುದು ಯಾಕೆಂದು ಆಗ ತಿಳಿಯಿತು. ವಾದ ಮಾಡಲು ಮನಸ್ಸಾಗಲಿಲ್ಲ. ಬುದ್ಧನನ್ನು ಮೇಜಿನ ಮೇಲೆ ಕೂರಿಸಿದೆವು. ಇನ್ನೊಂದು ಪಟವನ್ನು ಅಕ್ಕ, ಇಲ್ಲೇ ಬಿಟ್ಟಿದ್ದ ತನ್ನ ಮೈಸೂರು ರೇಷ್ಮೆ ಸೀರೆಯಲ್ಲಿ ಸುತ್ತಿ, ಒಳಕೋಣೆಯ ಗೋಡೆಬೀರುವಿನ ಮೇಲಿನ ಹಲಗೆಯಲ್ಲಿ ಇಟ್ಟಳು. ಹಳೆಯ ಸೀರೆಗಳು ಎಷ್ಟೋ ಇದ್ದವು. ಅವಳು ಅದನ್ನೇ ಹುಡುಕಿ ತೆಗೆದಿದ್ದಳು.

ಭಾನುವಾರ ಬೆಳಿಗ್ಗೆ ಪಾರ್ಟಿ ಬಂತು. ಕಾವ್ಯ ಎಂಬ ಹುಡುಗಿ, ಅರಸೀಕೆರೆಯಲ್ಲೇ ಬ್ಯಾಂಕಿನಲ್ಲಿ ಕೆಲಸ. ಗಂಡ ಡ್ಯೂಟಿ ಮೇಲೆ ಹೋಗಿದ್ದರಿಂದ ಅವಳ ಜೊತೆ ಅವಳ ತಂದೆ ಹಾರನಹಳ್ಳಿಯ ನಂಜಪ್ಪನವರು ಬಂದಿದ್ದರು. ಸರ್ಕಾರಿ ಕಟ್ಟಡಗಳ ಕೆಲಸ ನೋಡಿಕೊಂಡು ನಿವೃತ್ತರಾದವರು. ಹೆಗಲಲ್ಲಿ ಒಂದು ಚೀಲ. ಅದರೊಳಗಿಂದ ತೂಗುಗುಂಡು ಬಂತು, ಟಾರ್ಚು ಬಂತು, ಗಾಜಿನೊಳಗೆ ಗುಳ್ಳೆ ಓಡಾಡುವ ಮಟ್ಟದ ಪಟ್ಟಿ ಬಂತು, ಕೊನೆಗೆ ಒಂದು ಪುಟ್ಟ ಸುತ್ತಿಗೆ. ಅವರು ಗೋಡೆಗೆ ಟಕ್ ಎಂದು ಬಡಿದು ತಲೆ ವಾಲಿಸಿ ಕೇಳಿಸಿಕೊಂಡ ರೀತಿ ನೋಡಿ ಅಕ್ಕ ನನ್ನ ಕೈ ಚಿವುಟಿದಳು. ನಾವಿಬ್ಬರೂ ಚಿಕ್ಕವರಾಗಿ ತಲೆ ಮುಂದೆ ಮಾಡಿ ನಿಂತುಬಿಡುತ್ತೇವೇನೋ ಎನ್ನಿಸಿತು.

"ಯಾರು ಕಟ್ಟಿದ್ದಮ್ಮ?"

"ನಮ್ಮಪ್ಪ. ರೈಲ್ವೇಲಿದ್ರು."

"ಅದಕ್ಕೇ. ಗೋಡೆ ಹಳಿ ಹಂಗೆ ನೆಟ್ಟಗೈತೆ." ಪಟ್ಟಿಯನ್ನು ನೆಲದ ಮೇಲಿಟ್ಟರು. ಗುಳ್ಳೆ ಒಂದು ಮೂಲೆಗೆ ಓಡಿಹೋಗಿ ಅಲ್ಲೇ ಕುಳಿತಿತು. "ನೆಲ ಮಾತ್ರ ಪ್ಲಾಟ್‌ಫಾರಂ ಹಂಗೈತೆ."

ಅಕ್ಕ ಮುಂಬಾಗಿಲಿನ ಪಕ್ಕದಲ್ಲೇ ನಿಂತು, ಬೇರೆ ಯಾರೂ ಅದನ್ನು ಮುಟ್ಟದಂತೆ ನೋಡಿಕೊಂಡಳು. ನಾನು ಸ್ವಿಚ್ ಬೋರ್ಡಿಗೆ ಬೆನ್ನು ಕೊಟ್ಟೆ. ನಂಜಪ್ಪನವರು ಹೊಸ ಬಣ್ಣವನ್ನು ಉಗುರಿನಿಂದ ಕೆರೆದು ಮೂಸಿದರು.

"ಪುದೀನ ವಾಸ್ನೆ ಬತ್ತೈತಲ್ಲ?"

"ಹೊಸ ಥರದ ಬಣ್ಣ" ಎಂದಳು ಅಕ್ಕ, ಕಣ್ಣು ಮಿಟುಕಿಸದೆ.

ಅಷ್ಟರಲ್ಲಿ ಗೂಡ್ಸ್ ರೈಲು ಹೋಗಿ ಅಡುಗೆಮನೆಯ ಲೋಟಗಳೆಲ್ಲ ಗಲಗಲ ಎಂದವು. ಇದನ್ನು ಮುಚ್ಚುವ ಉಪಾಯ ನಮ್ಮಲ್ಲಿರಲಿಲ್ಲ. ಕಾವ್ಯ ಮಾತ್ರ ಹಾಲಿನ ಕಿಟಕಿಗೆ ಹೋಗಿ ಡಬ್ಬಿ ಎಣಿಸುತ್ತ ನಿಂತಳು. "ಎಷ್ಟು ಚೆನ್ನಾಗಿ ಕಾಣುತ್ತೆ ಮಿಸ್!" ಎಂದಳು. ಅವಳು ಅಲ್ಲಿ ಸೋಫಾ ಎಲ್ಲಿಡಬೇಕೆಂದು ಆಗಲೇ ಕೈಯಲ್ಲಿ ಅಳೆಯುತ್ತಿದ್ದಳು. ನನಗೆ ಧೈರ್ಯ ಬಂತು. ಪಾಯಸದ ಬಣ್ಣವೂ ಪರವಾಗಿಲ್ಲ ಎನ್ನಿಸಿತು.

ಆಗ ನಂಜಪ್ಪನವರು ಒಳಕೋಣೆಗೆ ಹೋಗಿ ಗೋಡೆಬೀರು ತೆರೆದರು.

ತಪಾಸಣೆಗೆ ಬಂದವರು ಬೀರು ತೆರೆಯುತ್ತಾರೆ ಎಂಬುದು, ಇಷ್ಟು ವರ್ಷ ತಪಾಸಣೆಗಳನ್ನು ನೋಡಿದ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಅವರು ಹಿಂಭಾಗದ ಗೋಡೆ ನೋಡಲು ರೇಷ್ಮೆಯ ಗಂಟನ್ನು ಮೆಲ್ಲನೆ ಈಚೆ ತೆಗೆದರು. ರೇಷ್ಮೆ ತಾನೆ, ಜಾರಿತು. ಮೊದಲು ನೀಲಿ ಭುಜ ಕಂಡಿತು, ಆಮೇಲೆ ಕನ್ನಡಕ.

ಪಟ ಕಂಡದ್ದಕ್ಕೆ ನನಗೆ ನಾಚಿಕೆಯಾಗಲಿಲ್ಲ. ಬಚ್ಚಿಟ್ಟದ್ದು ಕಂಡದ್ದಕ್ಕೆ ನೆಲ ಬಾಯಿಬಿಡಬಾರದೇ ಎನ್ನಿಸಿತು. "ಬಣ್ಣ ಹೊಡೆಯೋಕೆ ಅಂತ ತೆಗೆದಿದ್ವಿ..." ಎಂದು ಶುರು ಮಾಡಿದೆ.

"ಬಣ್ಣಕ್ಕಲ್ಲ" ಎಂದಳು ಅಕ್ಕ. "ನಿಮಗೋಸ್ಕರ ಒಳಗಿಟ್ವಿ. ಇದನ್ನ ನೋಡಿದ್ರೆ ನೀವು ಮನೆ ತಗೊಳ್ಳಲ್ಲ ಅಂದ್ರು."

ಬಾಗಿಲಲ್ಲಿ ಬಸವರಾಜಣ್ಣ ಕಣ್ಣುಮುಚ್ಚಿಕೊಂಡರು. ನಂಜಪ್ಪನವರು ಪಟವನ್ನು ನೋಡಿದರು, ಅಕ್ಕನನ್ನು ನೋಡಿದರು. ಆಮೇಲೆ ಬೀರುವಿನೊಳಗೆ ಕೈ ಹಾಕಿ ಹಿಂಗೋಡೆಗೆ ಅಂಗೈ ಒತ್ತಿ ಹಿಡಿದು, "ಒಳಗೆ ತೇವ ಐತೆ. ಇಲ್ಲಿಡಬ್ಯಾಡಿ, ಪಟ ಹಾಳಾಯ್ತದೆ" ಎಂದರು. ಪಟವನ್ನು ಎರಡೂ ಕೈಯಲ್ಲಿ ಹಿಡಿದು ಅಕ್ಕನಿಗೆ ಕೊಟ್ಟರು. ಗಾಜಿನದು, ಭಾರವಿತ್ತು. ಅದಕ್ಕೇ ಎರಡು ಕೈಯೋ ಏನೋ, ನಾನು ಹೇಳಲಾರೆ.

ತಂದೆ ಮಗಳಿಬ್ಬರೂ ಕಾಫಿ ಕುಡಿದರು. ಆದರೆ ಹೊರಡುವಾಗ ನಂಜಪ್ಪನವರು ಹೇಳಿದ್ದು "ಫೋನ್ ಮಾಡ್ತೀವಿ" ಎಂದೇ. ಆ ಮಾತಿನ ಅರ್ಥ ನಮಗೆ ಗೊತ್ತಿತ್ತು. ಕಾಫಿ ಬೇರೆ, ಮನೆ ಬೇರೆ.

ಅವರ ಬೆನ್ನು ಮರೆಯಾದದ್ದೇ ತಡ, ಅಕ್ಕ ಸುತ್ತಿಗೆ ಕೇಳಿದಳು. ಕಿತ್ತ ಮೊಳೆಗಳ ಡಬ್ಬಿಯಿಂದ ಉದ್ದನೆಯದೊಂದನ್ನು ಆರಿಸಿ, ತಾನೇ ಮುಚ್ಚಿದ್ದ ತೂತನ್ನು ಹುಡುಕಿ, ಟೂತ್‌ಪೇಸ್ಟಿನ ಮೇಲೇ ನಾಲ್ಕು ಏಟು ಹೊಡೆದು ಪಟ ತೂಗುಹಾಕಿದಳು. "ಇನ್ನು ಯಾರು ಬೇಕಾದ್ರೂ ಬರ್ಲಿ, ಹೀಗೇ ನೋಡ್ಲಿ. ಮನೆ ಹೋಗ್ಲಿಲ್ಲ ಅಂದ್ರೆ ನಾನೇ ಇಲ್ಲಿಗೆ ಬರ್ತೀನಿ" ಎಂದಳು. ಅದು ಬೆದರಿಕೆಯೋ ಆಶ್ವಾಸನೆಯೋ ತಿಳಿಯದೆ ನಾನು ತಲೆಯಾಡಿಸಿದೆ.

ನಾಲ್ಕು ದಿನ ಫೋನು ಬರಲಿಲ್ಲ. ಬಸವರಾಜಣ್ಣ ಒಮ್ಮೆ ಬಂದು, "ನಾನು ಹೇಳಿದ್ದು ಬಚ್ಚಿಡೀ ಅಂತ, ಬಚ್ಚಿಟ್ಟಿದ್ವಿ ಅಂತ ಹೇಳೀ ಅಂತಲ್ಲ" ಎಂದು ನೊಂದುಕೊಂಡು ಹೋದರು. ಐದನೆಯ ದಿನ ಸಂಜೆ ಕಾವ್ಯ ಒಬ್ಬಳೇ ಸ್ಕೂಟರಿನಲ್ಲಿ ಬಂದಳು. ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಕುಳಿತಳು. ತಲೆ ಎತ್ತಿ ಗೋಡೆ ನೋಡಿದಳು. ಅಕ್ಕ ಕೇಳದೆಯೇ ಕಾಫಿ ತಂದಿಟ್ಟಳು.

"ಮನೇಲಿ ನಾಲ್ಕು ದಿನದಿಂದ ಜಗಳ ಮಿಸ್" ಎಂದಳು.

"ತೇವದ ವಿಷಯಕ್ಕಾ?" ಎಂದೆ, ಗೊತ್ತಿದ್ದೂ.

"ಅಲ್ಲ." ಅವಳು ಹೆಲ್ಮೆಟ್ಟಿನ ಪಟ್ಟಿಯನ್ನು ತಿರುಚಿದಳು. "ಅಪ್ಪ ತಗೋ ಅಂತಾರೆ. ನಮ್ಮತ್ತೆ ಬೇಡ ಅಂತಾರೆ. ನಮ್ಮನೆಯವರು ಇಬ್ಬರಿಗೂ ಹೂಂ ಅಂತಾರೆ. ಕೊನೆಗೆ ನಾನೇ ಅಂದೆ, ಸಾಲ ನನ್ನ ಹೆಸರಲ್ಲಿ, ಮನೆ ನಂಗಿಷ್ಟ, ತಗೋತೀನಿ ಅಂತ. ಅತ್ತೆ ಒಪ್ಕೊಂಡ್ರು. ಆದ್ರೆ ಗೃಹಪ್ರವೇಶಕ್ಕೆ ಮುಂಚೆ ಬೇರೆ ಒಂದು ಹೋಮ ಮಾಡಿಸ್ಬೇಕಂತೆ. ಶುದ್ಧಿಗೆ. ನಿಮ್ಗೆ ಬೇರೆಯವರಿಂದ ಗೊತ್ತಾಗೋದು ಬೇಡ ಅಂತ ನಾನೇ ಹೇಳೋಕೆ ಬಂದೆ. ಸಾರಿ."

ಆ ಹುಡುಗಿಯ ಮೇಲೆ ಸಿಟ್ಟು ಮಾಡಬೇಕೋ, ಹೇಳಲು ಇಷ್ಟು ದೂರ ಬಂದಳಲ್ಲ ಎಂದು ಕನಿಕರಪಡಬೇಕೋ ತಿಳಿಯದೆ ಅಕ್ಕನ ಮುಖ ನೋಡಿದೆ. ಎದ್ದು ಬಾಗಿಲು ತೋರಿಸಿಬಿಡುತ್ತಾಳೆ ಎಂದುಕೊಂಡೆ. ತೋರಿಸಿದ್ದರೆ ನಾನು ತಡೆಯುತ್ತಲೂ ಇರಲಿಲ್ಲ.

ಅಕ್ಕ ಲೋಟವನ್ನು ಅವಳ ಕಡೆ ಸರಿಸಿದಳು. "ಮಾಡಿಸ್ಕೊಳ್ಳವ್ವ. ಹೊಗೆ ಚೆನ್ನಾಗಿ ಹಾಕ್ಸು. ಅಡುಗೆಮನೆ ಕಿಟಕೀಲಿರೋ ಗೆದ್ದಲಾದ್ರೂ ಸಾಯ್ಲಿ."

ಕಾವ್ಯ ತಲೆ ಎತ್ತಿದಳು. "ಗೆದ್ದಲಾ?"

ಅಕ್ಕ ನಾಲಿಗೆ ಕಚ್ಚಿಕೊಂಡಳು.

ಇಷ್ಟು ಹೊತ್ತು ನಿಮಗೂ ಹೇಳದೆ ಉಳಿಸಿಕೊಂಡದ್ದು ಇದೊಂದೇ. ಅಡುಗೆಮನೆಯ ಕಿಟಕಿಯ ಚೌಕಟ್ಟನ್ನು ಗೆದ್ದಲು ಒಳಗಿಂದೊಳಗೇ ತಿಂದಿತ್ತು. ನಾವು ಅದಕ್ಕೆ ದಪ್ಪಗೆ ಬಣ್ಣ ಬಳಿದು, ಪರದೆ ಇಳಿಬಿಟ್ಟಿದ್ದೆವು. ನಂಜಪ್ಪನವರು ಆ ಕಡೆ ಹೊರಟಾಗ ಅಕ್ಕ ಎಣ್ಣೆ ಕಾಯಿಸಿ ಸಾಸಿವೆ ಸಿಡಿಸಿ, ಕೆಮ್ಮು ಬರಿಸಿ ವಾಪಸು ಕಳಿಸಿದ್ದಳು.

"ಬನ್ನಿ" ಎಂದು ನಾನು ಎದ್ದೆ. ಪರದೆ ಸರಿಸಿದೆ. ಕಾವ್ಯ ಚೌಕಟ್ಟಿಗೆ ಹೆಬ್ಬೆರಳು ಒತ್ತಿದಳು. ಅದು ರಸ್ಕಿನಂತೆ ಒಳಗೆ ಹೋಯಿತು. ಅವಳು ಸ್ವಲ್ಪ ಹೊತ್ತು ಆ ತೂತನ್ನೇ ನೋಡಿದಳು. ಆಮೇಲೆ ಭುಜ ಕುಣಿಯತೊಡಗಿತು. ಅಳುತ್ತಿದ್ದಾಳೆಂದು ಗಾಬರಿಯಾದೆ, ನೋಡಿದರೆ ನಗು. ನಗುತ್ತಲೇ ತಂದೆಗೆ ಫೋನ್ ಮಾಡಿದಳು. "ಅಪ್ಪಾ, ಅಡುಗೆಮನೆ ಕಿಟಕಿಗೆ ಗೆದ್ದಲಂತೆ!"

ನಂಜಪ್ಪನವರ ದನಿ ನಮ್ಮಿಬ್ಬರಿಗೂ ಕೇಳುವಷ್ಟು ದೊಡ್ಡದಾಗಿ ಬಂತು. "ಅಯ್ಯೋ, ನನ್ನ ಕಣ್ಣಿಗೆ ಬೀಳ್ಲಿಲ್ವಲ್ಲ! ಯಾರೂ ಮುಟ್ಟಬ್ಯಾಡಿ! ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಬತ್ತೀನಿ!"

ಅಷ್ಟು ಖುಷಿಯಾದ ದನಿಯನ್ನು ನಾನು ಬಹಳ ದಿನದಿಂದ ಕೇಳಿರಲಿಲ್ಲ. ಕಾವ್ಯ ಫೋನ್ ಇಟ್ಟು, ಕಣ್ಣೊರೆಸಿಕೊಂಡು, ನಿಜವಾಗಿಯೂ ಬೇಜಾರಾದವಳಂತೆ ಹೇಳಿದಳು:

"ಮೊದಲೇ ಹೇಳಬಾರ್ದಿತ್ತಾ ಮಿಸ್? ನಾಲ್ಕು ದಿನ ಮನೇಲಿ ಅದರ ಬದ್ಲು ಇದರ ಮೇಲೆ ಜಗಳ ಆಡಬಹುದಿತ್ತು."